ನಟ್ಟಿನ ಮೇಲಿನ ಬಿಳಿ ಗೆರೆ

ಘಟಪ್ರಭಾ ನದಿಯ ದಂಡೆಗೆ ಒಂದು ತಗಡಿನ ಶೆಡ್ಡು. ಶೆಡ್ಡಿನ ಮುಂದೆ ಬೇವಿನ ಮರ, ಮರದ ಕೆಳಗೆ ಹಗ್ಗದ ಹೊರಸು. ಆ ಹೊರಸಿನ ಮೇಲೆ ಮೌನೇಶಪ್ಪ ಬಡಿಗೇರ ಎಂಬ ಎಪ್ಪತ್ತಾರು ವರ್ಷದ ಮುದುಕರು ಕೂತಿರುತ್ತಿದ್ದರು.

ಮಠದ ಸ್ವಾಮಿಗಳನ್ನು ಕರೆದ ಹಾಗೆ ಜನ ಅವರನ್ನು ಅಜ್ಜಾರು ಎಂದು ಕರೆಯುತ್ತಿದ್ದರು. ಅವರು ಮಂತ್ರ ಹೇಳುತ್ತಿರಲಿಲ್ಲ, ಅಂಗಾರ ಕೊಡುತ್ತಿರಲಿಲ್ಲ. ಹಳೆಯ ಓಟದ ಕಾರುಗಳನ್ನು ಹದಕ್ಕೆ ತರುತ್ತಿದ್ದರು.

ನಲವತ್ತು ವರ್ಷ ಎಂಜಿನ್ನುಗಳಿಗೆ ಕಿವಿ ಕೊಟ್ಟೂ ಕೊಟ್ಟೂ ಅಜ್ಜಾರ ಎರಡೂ ಕಿವಿ ಹೋಗಿದ್ದವು. ತಲೆಯ ಮೇಲೆ ಗುಡುಗಿದರೂ ತಿರುಗಿ ನೋಡುತ್ತಿರಲಿಲ್ಲ. ಅವರು ಬಾಯಿಂದ ಮಾತಾಡುತ್ತಿದ್ದರು, ಎದುರಿನವರು ಪಾಟಿಯ ಮೇಲೆ ಸೀಮೆಸುಣ್ಣದಿಂದ ಬರೆದು ತೋರಿಸಬೇಕಿತ್ತು.

ಪಾಟಿ ಚಿಕ್ಕದು. ಹಾಗಾಗಿ ಆ ಶೆಡ್ಡಿನಲ್ಲಿ ಯಾರೂ ಬೇಕಾಬಿಟ್ಟಿ ಮಾತಾಡುತ್ತಿರಲಿಲ್ಲ. ಎಲ್ಲ ಊರಲ್ಲೂ ಹೀಗೇ ಇದ್ದಿದ್ದರೆ ಎಷ್ಟೋ ಜಗಳ ತಪ್ಪುತ್ತಿತ್ತು.

ಅಲ್ಲಿಗೆ ಒಂದು ದಿನ ನೀಲಾಂಬಿಕಾ ಬಂದಳು. ಬೆಳಗಾವಿಯಲ್ಲಿ ದನದ ಡಾಕ್ಟರು, ಆಗ ಮೂವತ್ತೇಳು ವರ್ಷ. ಎಂಬತ್ತೊಂಬತ್ತನೆಯ ಇಸವಿಯ, ಎರಡೇ ಬಾಗಿಲಿನ, ಎರಡೇ ಸೀಟಿನ ಒಂದು ಕೆಂಪು ಸ್ಪೋರ್ಟ್ಸ್ ಕಾರನ್ನು ಓಡಿಸಿಕೊಂಡು ಬಂದಿದ್ದಳು. ನಾಲ್ಕು ಕೈ ಬದಲಾಗಿ ಅವಳಿಗೆ ಸಿಕ್ಕಿದ ಗಾಡಿ ಅದು. ಬಣ್ಣ ಅಲ್ಲಲ್ಲಿ ಮಾಸಿತ್ತು, ಅವಳ ಪ್ರೀತಿ ಮಾತ್ರ ಹೊಸದು.

ಪಾಟಿಯ ಮೇಲೆ ಬರೆದಳು: “ಇದನ್ನು ಜೋರು ಓಡುವ ಹಾಗೆ ಮಾಡಿಕೊಡಿ.”

“ಈಗ ಎಷ್ಟ ಜೋರ ಓಡತೈತಿ?” ಅಜ್ಜಾರು ಕೇಳಿದರು.

“ಗೊತ್ತಿಲ್ಲ. ಮೊನ್ನೆ ತಾನೇ ತಂದೆ.”

“ಹಂಗಾರ ಮೊದಲ ಅದನ್ನ ಗೊತ್ತ ಮಾಡ್ಕೊಂಡ ಬಾ.”

ನೀಲಾಂಬಿಕಾಗೆ ಸಿಟ್ಟು ಬಂತು. ಅಷ್ಟು ದೂರದಿಂದ ಬಂದವಳಿಗೆ ಹೇಳುವ ಮಾತೇ ಇದು? ಕಾರಿಗೆ ಹತ್ತಿ ಕೀ ತಿರುಗಿಸಿದಳು. ಎಂಜಿನ್ನು ತಿರುಗಿತು, ಕಿಡಿ ಹತ್ತಲಿಲ್ಲ. ಮತ್ತೆ ತಿರುಗಿಸಿದಳು. ಹತ್ತಲಿಲ್ಲ.

ಅಜ್ಜಾರು ಅಂಗಿಯ ಜೇಬಿನಿಂದ ಹೆಬ್ಬೆರಳಿನಷ್ಟು ಉದ್ದದ ಒಂದು ಕಪ್ಪು ತುಂಡು ತೆಗೆದು ಅಂಗೈ ಮೇಲೆ ಇಟ್ಟುಕೊಂಡು ತೋರಿಸಿದರು. ಅದು ರೋಟರ್. ಅದಿಲ್ಲದಿದ್ದರೆ ಅಂಥ ಹಳೆಯ ಎಂಜಿನ್ನಿಗೆ ಕಿಡಿಯೇ ಸಿಗುವುದಿಲ್ಲ.

“ನೀ ಮಾರಿ ತೊಳಕೊಳ್ಳಾಕ ಹೋಗಿದ್ದಿ ಅಲ್ಲ, ಅವಾಗ ತಗದೆ,” ಅಂದರು. “ಶೆಡ್ಡಿಗೆ ಬಂದ ಗಾಡಿ ನನ್ನ ಕೇಳದ ಹೋಗಂಗಿಲ್ಲ.”

ಅವಳು ತಡೆಯಲಾರದೆ ನಕ್ಕುಬಿಟ್ಟಳು. ಶಿಷ್ಯೆಯಾದದ್ದು ಹಾಗೆ.

ಅಜ್ಜಾರದು ಒಂದೇ ನೇಮ. ವಾರಕ್ಕೆ ಒಂದು ಬದಲಾವಣೆ, ಎರಡಲ್ಲ. ಕೆಲಸವನ್ನು ಮನೆಯಲ್ಲಿ ಅವಳೇ ಮಾಡಬೇಕು. ಭಾನುವಾರ ಗಾಡಿ ತಂದು, ಅಜ್ಜಾರನ್ನು ಪಕ್ಕದಲ್ಲಿ ಕೂಡಿಸಿಕೊಂಡು, ಕೂಡುರಸ್ತೆಯವರೆಗೆ ಇಪ್ಪತ್ತು ಕಿಲೋಮೀಟರ್ ಹೋಗಿ ಬರಬೇಕು. ಯಾವಾಗಲೂ ಅದೇ ರಸ್ತೆ, ಅದೇ ತಿರುವುಗಳು. ಬಂದ ಮೇಲೆ ಅವರ ಒಂದೇ ಪ್ರಶ್ನೆಗೆ ಉತ್ತರ ಬರೆಯಬೇಕು.

“ಏನ್ ಕೇಳಿಸ್ತು?”

ಮೊದಲ ಸಲ ಆ ಪ್ರಶ್ನೆ ಕೇಳಿದಾಗ ಅವಳು ಬರೆದಿದ್ದಳು: “ಒಂದೇ ಯಾಕೆ? ಎರಡು ಬದಲಾವಣೆ ಒಟ್ಟಿಗೆ ಮಾಡಿದರೆ ಏನಾಗುತ್ತದೆ?”

“ಎಮ್ಮಿಗೆ ಎರಡ ಔಷಧ ಕೂಡೇ ಕೊಡ್ತಿ. ಎಮ್ಮಿ ಎದ್ದ ನಿಂದರತೈತಿ. ಯಾವುದರಿಂದ ಎದ್ದೀತು?”

ಡಾಕ್ಟರಿಗೆ ಅರ್ಥವಾಯಿತು. ದವಾಖಾನೆಯಲ್ಲಿ ತಾನೇ ಎಷ್ಟೋ ಸಲ ಹೇಳಿದ ಮಾತು.

ಮೊದಲ ವರ್ಷ ಅಜ್ಜಾರು ಎಂಜಿನ್ನನ್ನು ಮುಟ್ಟಲು ಬಿಡಲಿಲ್ಲ. ವರ್ಷವಿಡೀ ಬ್ರೇಕು, ಟೈರು, ಸ್ಟೇರಿಂಗು.

“ನಾನು ಕೇಳಿದ್ದು ಜೋರು ಓಡುವುದಕ್ಕೆ,” ಎಂದು ಅವಳು ಬರೆದಳು.

“ಹೊಳೀಗೆ ಇಳಿಯೂ ಮುಂಚೆ ದಂಡಿ ಎಲ್ಲೈತಿ ನೋಡ್ಕೊಂತಿ ಇಲ್ಲೋ?”

ಎರಡನೆಯ ವರ್ಷ ಕಾರ್ಬ್ಯುರೇಟರು. ಮೂರನೆಯ ವರ್ಷ ಗೇರು, ಕ್ಲಚ್ಚು. ಒಂದು ಬದಲಾದರೆ ಅದರ ಪಕ್ಕದ್ದು ಸಪ್ಪೆ ಅನ್ನಿಸುತ್ತಿತ್ತು, ಅದನ್ನು ಬದಲಿಸಿದರೆ ಅದರಾಚೆಯದು. ಗಂಡ ಶ್ರೀಶೈಲ ಪ್ರತಿ ಭಾನುವಾರ ಸಂಜೆ ಬಾಗಿಲಲ್ಲಿ ನಿಂತು ಒಂದೇ ಮಾತು ಕೇಳುತ್ತಿದ್ದ, “ಮುಗೀತೇನ?” ಅವಳು ಕೈಯ ಎಣ್ಣೆ ಒರೆಸಿಕೊಳ್ಳುತ್ತ, “ಇನ್ನೊಂಚೂರು ಐತಿ,” ಅನ್ನುತ್ತಿದ್ದಳು. ಆ ಒಂಚೂರು ನಾಲ್ಕು ವರ್ಷ ನಡೆಯಿತು.

ಅವಳಿಗೆ ಇದ್ದದ್ದು ಒಂದೇ ಆಸೆ. ಜನವರಿ ಕೊನೆಗೆ ಘಟ್ಟದ ರಸ್ತೆಯನ್ನು ಒಂದು ದಿನ ಬಂದ್ ಮಾಡಿ ಕಾರುಗಳ ಓಟ ನಡೆಸುತ್ತಾರೆ. ಕೆಳಗಿನಿಂದ ಮೇಲಕ್ಕೆ, ಒಂದೊಂದೇ ಗಾಡಿ, ಒಬ್ಬೊಬ್ಬರೇ. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಪ್ರಪಾತ. ತನ್ನ ಕೈಯಾರೆ ಹದ ಮಾಡಿದ ಕಾರನ್ನು ಒಂದು ಸಲ ಆ ಘಟ್ಟ ಹತ್ತಿಸಬೇಕು. ಗೆಲ್ಲದಿದ್ದರೂ ಸರಿ.

ಹೆಸರು ಕೊಡುವ ಫಾರ್ಮಿನಲ್ಲಿ, ಗಾಡಿ ಘಟ್ಟ ಹತ್ತಲು ಯೋಗ್ಯವಾಗಿದೆ ಎಂದು ಒಬ್ಬ ಮೇಸ್ತ್ರಿ ಸಹಿ ಹಾಕಬೇಕಿತ್ತು. ಮೂರು ವರ್ಷ ಅವಳು ಫಾರ್ಮು ತಂದಿದ್ದಳು. ಮೂರು ವರ್ಷವೂ ಅಜ್ಜಾರು ಅದನ್ನು ಮಡಚಿ ವಾಪಸ್ ಕೊಟ್ಟಿದ್ದರು.

“ಯಾಕೆ?” ಎಂದು ಬರೆದರೆ, “ಇನ್ನೂ ಒಪ್ಪಿಲ್ಲ,” ಅನ್ನುತ್ತಿದ್ದರು.

“ಗಾಡಿಯೋ, ನೀವೋ?”

ಆ ಮಾತಿಗೆ ಅವರು ಪಾಟಿ ಒರೆಸಿಡುತ್ತಿದ್ದರು.

ನಾಲ್ಕನೆಯ ವರ್ಷ, ಡಿಸೆಂಬರಿನಲ್ಲಿ, ಕೂಡುರಸ್ತೆಯಿಂದ ವಾಪಸ್ ಬಂದ ಅಜ್ಜಾರು ಕಾರಿನಿಂದ ಇಳಿದು ಬಾನೆಟ್ಟಿನ ಮೇಲೆ ಕೈಯಿಟ್ಟು ತಾವಾಗಿಯೇ ಅಂದರು, “ಈ ಸಲ ನೋಡೂಣು. ಸ್ಪ್ರಿಂಗ್ ಒಂದ ಬದಲ ಮಾಡು. ಭೋಗಿ ದಿನ ಫಾರ್ಮ್ ತಗೊಂಡ ಬಾ.”

ನೀಲಾಂಬಿಕಾಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ.

ಶನಿವಾರ ಕೊಲ್ಹಾಪುರದಿಂದ ಎರಡು ಪೆಟ್ಟಿಗೆ ಒಟ್ಟಿಗೆ ಬಂದವು. ಒಂದರಲ್ಲಿ ನಾಲ್ಕು ಬಿಗಿ ಸ್ಪ್ರಿಂಗು. ಇನ್ನೊಂದರಲ್ಲಿ ಅವಳು ಯಾವಾಗಲೋ ತರಿಸಲು ಹೇಳಿ ಮರೆತಿದ್ದ ನಾಲ್ಕು ಅಲ್ಯೂಮಿನಿಯಂ ಬಿಲ್ಲೆ, ಬೆರಳು ದಪ್ಪದವು. ಗಾಲಿಯ ಹಿಂದೆ ಅವನ್ನು ಕೂರಿಸಿದರೆ ಗಾಲಿ ಅಷ್ಟು ಹೊರಗೆ ಬರುತ್ತದೆ. ಗಾಡಿ ಅಗಲವಾಗಿ, ಗಟ್ಟಿಯಾಗಿ ನಿಲ್ಲುತ್ತದೆ.

ನೇಮದ ಪ್ರಕಾರ ಈ ವಾರ ಸ್ಪ್ರಿಂಗು ಮಾತ್ರ. ಆದರೆ ಸ್ಪ್ರಿಂಗು ಹಾಕಲು ಗಾಲಿ ಬಿಚ್ಚಲೇಬೇಕು, ಬಿಚ್ಚಿಯೂ ಆಗಿತ್ತು. ಬಿಲ್ಲೆಗಾಗಿ ಮುಂದಿನ ವಾರ ಮತ್ತೆ ಬಿಚ್ಚುವುದೇ?

ಹೇಗೂ ಬಿಚ್ಚಿದ್ದೇನಲ್ಲ. ಗಾಡಿಯ ಹುಚ್ಚು ಹತ್ತಿದವರನ್ನು ಕೇಳಿ ನೋಡಿ, ಈ ಒಂದು ಮಾತಿನಿಂದ ಕೆಟ್ಟಿರದವರು ಸಿಗುವುದಿಲ್ಲ.

ಅವಳು ಬಿಲ್ಲೆಗಳನ್ನೂ ಕೂರಿಸಿದಳು. ಗಾಲಿ ಏರಿಸಿ ನಟ್ಟು ಹಾಕುವಾಗ ಬೋಲ್ಟುಗಳು ಸ್ವಲ್ಪ ಗಿಡ್ಡವಾದವಲ್ಲ ಅನ್ನಿಸಿತು. ಪಾನಾ ಹಾಕಿ ಒತ್ತಿದಳು, ನಟ್ಟು ಬಿಗಿಯಾದವು. ಅನ್ನಿಸಿದ್ದನ್ನು ಮರೆತಳು.

ಭಾನುವಾರ ಅಜ್ಜಾರು ಎಂದಿನಂತೆ ಚಪ್ಪಲಿ ಬಿಟ್ಟು, ಬರಿಗಾಲಲ್ಲಿ ಪಕ್ಕದ ಸೀಟಿನಲ್ಲಿ ಕೂತರು. ಪಾದ ಎರಡನ್ನೂ ಕಾರಿನ ತಗಡಿನ ತಳದ ಮೇಲೆ ಚಪ್ಪಟೆಯಾಗಿ ಊರಿದರು.

ಮೂರನೆಯ ಎಡತಿರುವಿನಲ್ಲಿ, ಹಿಂದೆ ಬಲಗಡೆಯಿಂದ, ಒಂದು ಸಪ್ಪಳ ಕೇಳಿಸಿತು.

ಟಿಕ್.

ಸಣ್ಣ ಸಪ್ಪಳ, ಬೆರಳು ನೆಟಿಕೆ ತೆಗೆದಷ್ಟು. ಮುಂದಿನ ಎಡತಿರುವಿನಲ್ಲಿ ಮತ್ತೆ ಟಿಕ್. ನೇರ ರಸ್ತೆಯಲ್ಲಿ ಇಲ್ಲ, ಬಲತಿರುವಿನಲ್ಲಿ ಇಲ್ಲ.

ಶೆಡ್ಡಿಗೆ ಬಂದರು. ಅಜ್ಜಾರು ಪಾಟಿ ಕೊಟ್ಟರು.

“ಏನ್ ಕೇಳಿಸ್ತು?”

ನೀಲಾಂಬಿಕಾ ಸೀಮೆಸುಣ್ಣ ಹಿಡಿದು ಯೋಚಿಸಿದಳು. ಟಿಕ್ ಅಂತ ಬರೆದರೆ ಯಾವುದರಿಂದ ಅಂತ ಕೇಳುತ್ತಾರೆ. ಯಾವುದರಿಂದ ಅಂತ ಅವಳಿಗೇ ಗೊತ್ತಿಲ್ಲ. ಎರಡು ಬದಲಿಸಿದ್ದು ಬಯಲಿಗೆ ಬೀಳುತ್ತದೆ. ಎಲ್ಲ ಬಿಚ್ಚು ಅನ್ನುತ್ತಾರೆ, ಮೊದಲಿನಿಂದ ಶುರು. ಭೋಗಿಗೆ ಮೂರೇ ವಾರ. ಈ ಸಲದ ಘಟ್ಟವೂ ಹೋದ ಹಾಗೇ.

ಬರೆದಳು: “ಸ್ಪ್ರಿಂಗು ಬಿಗಿ ಇದೆ. ತಿರುವಿನಲ್ಲಿ ಗಾಡಿ ವಾಲುವುದಿಲ್ಲ.”

“ಮತ್ತ?”

“ಮತ್ತೇನಿಲ್ಲ.”

ಅಜ್ಜಾರು ಪಾಟಿ ಒರೆಸಿದರು.

ಆ ವಾರವೆಲ್ಲ ಅವಳು ಸಂಜೆ ದವಾಖಾನೆಯಿಂದ ಬಂದವಳೇ ಕಾರಿನ ಕೆಳಗೆ ಮಲಗುತ್ತಿದ್ದಳು. ಸ್ಪ್ರಿಂಗು ಕೂತ ಜಾಗ ನೋಡಿದಳು, ಗ್ರೀಸು ಹಚ್ಚಿದಳು, ರಬ್ಬರು ಬದಲಿಸಿದಳು. ಅಜ್ಜಾರಿಗೆ ಸ್ಪ್ರಿಂಗು ಅಂತಷ್ಟೇ ಹೇಳಿದ್ದಳಲ್ಲ, ಹೇಳಿದ ಸುಳ್ಳನ್ನು ತಾನೇ ನಂಬಿಕೊಂಡು ಸ್ಪ್ರಿಂಗಿನ ಸುತ್ತಲೇ ಹುಡುಕಿದಳು. ಗಾಲಿಯ ಕಡೆ ಕೈ ಹೋಗಲಿಲ್ಲ.

ಎರಡನೆಯ ಭಾನುವಾರ ಅಜ್ಜಾರ ಹೆಂಡತಿ ಕಾಳವ್ವ ಒಳಗೆ ಕರೆದು ಚಹಾ ಕೊಟ್ಟಳು. ನೀಲಾಂಬಿಕಾ ಹೊರಗೆ ಬಂದಾಗ ಅಜ್ಜಾರು ಕಾರಿನ ಹಿಂದಿನಿಂದ ಎದ್ದು ಬರುತ್ತಿದ್ದರು. ಬೆರಳಿಗೆ ಸೀಮೆಸುಣ್ಣ ಮೆತ್ತಿತ್ತು. ಅವರ ಬೆರಳಿಗೆ ಅದು ಯಾವಾಗಲೂ ಮೆತ್ತಿರುತ್ತದೆ.

ಕೂಡುರಸ್ತೆಗೆ ಹೋಗಿ ಬಂದರು. ಎಡತಿರುವಿಗೊಂದು ಟಿಕ್.

“ಏನ್ ಕೇಳಿಸ್ತು?”

“ಹೋದ ವಾರದ ಹಾಗೇ.”

“ಹೋದ ವಾರ ಏನ್ ಕೇಳಿಸಿತ್ತು?”

“ಏನೂ ಇಲ್ಲ,” ಎಂದು ಬರೆದು, ಮಾತು ತಿರುಗಿಸಲು ಕೆಳಗೆ ಇನ್ನೊಂದು ಸಾಲು ಸೇರಿಸಿದಳು: “ಅಜ್ಜಾರ, ಕಿವಿ ಹೋಗಿದ್ದಕ್ಕೆ ನಿಮಗೆ ಬ್ಯಾಸರ ಇಲ್ಲವೇ?”

“ಮೊದಲ ಇತ್ತು. ಈಗ ಒಂದ ಸುಖ ಐತಿ.”

“ಏನು?”

“ಮಂದಿ ಬಾಯಲೆ ಅಂದಿದ್ದು ಗಾಳೀಗ ಹೋಗತೈತಿ. ಬರದಿದ್ದನ್ನ ನಾ ಒರಸೂ ತನಕ ಅವರೂ ನೋಡಬೇಕಾಗತೈತಿ.”

ಅಂದು ಅವರು ಪಾಟಿ ಒರೆಸಲಿಲ್ಲ. “ಏನೂ ಇಲ್ಲ” ಅನ್ನುವ ಅಕ್ಷರ ಮೇಲೆ ಮಾಡಿ ಹೊರಸಿನ ಮೇಲೆ ಇಟ್ಟರು. ಅವಳು ಹೊರಡುವವರೆಗೂ ಅದು ಅಲ್ಲೇ ಇತ್ತು. ನೀಲಾಂಬಿಕಾ ಆ ಕಡೆ ನೋಡದೆ ಕಾರು ಹತ್ತಿದಳು.

ಮೂರನೆಯ ವಾರ ಅವಳು ಹೊಸ ಸೈಲೆನ್ಸರು ಹಾಕಿದಳು. ಒಂದೇ ಬದಲಾವಣೆ, ನೇಮಕ್ಕೆ ತಪ್ಪಲಿಲ್ಲ. ಎಂಜಿನ್ನಿಗೆ ಉಸಿರು ಸಲೀಸು ಆಗುತ್ತದೆ ಎಂದು ತನಗೆ ತಾನೇ ಹೇಳಿಕೊಂಡಳು. ಗಾಡಿ ಚಾಲೂ ಮಾಡಿದರೆ ಓಣಿಯ ನಾಯಿಗಳೆಲ್ಲ ಎದ್ದು ಓಡಿದವು. ಶ್ರೀಶೈಲ ಎರಡೂ ಕಿವಿ ಮುಚ್ಚಿಕೊಂಡು ಒಳಗೆ ಹೋದ.

ಭಾನುವಾರ ಎಡತಿರುವು ಬಂತು. ಅವಳು ಕಿವಿ ನಿಮಿರಿಸಿದಳು. ಟಿಕ್ ಇಲ್ಲ. ಮುಂದಿನ ತಿರುವಿನಲ್ಲೂ ಇಲ್ಲ. ಇರುವುದೆಲ್ಲ ಸೈಲೆನ್ಸರಿನ ಅಬ್ಬರ. ಅವಳಿಗೆ ಎದೆ ಹಗುರಾಯಿತು. ಹೋಯಿತು, ಅದಾಗಿಯೇ ಹೋಯಿತು.

ಪಕ್ಕದಲ್ಲಿ ಅಜ್ಜಾರು ಕಣ್ಣು ಮುಚ್ಚಿ, ಪಾದ ಊರಿ ಕೂತಿದ್ದರು.

“ಏನ್ ಕೇಳಿಸ್ತು?”

“ಏನೂ ಕೇಳಿಸಲಿಲ್ಲ,” ಎಂದು ದೊಡ್ಡ ಅಕ್ಷರದಲ್ಲಿ ಬರೆದಳು.

ಅಜ್ಜಾರು ನಕ್ಕರು. “ಇವತ್ತ ಖರೇ ಬರದಿ.”

ಪಾಟಿ ಒರೆಸುತ್ತ ಅಂದರು, “ಈಗ ನೀನೂ ನಾನೂ ಸಮಾ ಆದಿವಿ.”

ಮನೆಗೆ ಹೋಗುವ ದಾರಿಯುದ್ದಕ್ಕೂ ಆ ಮಾತು ಅವಳ ಬೆನ್ನು ಬಿಡಲಿಲ್ಲ.

ಭೋಗಿ ದಿನವೂ ಭಾನುವಾರವೇ ಬಂದಿತ್ತು. ನೀಲಾಂಬಿಕಾ ಕಾರಿನ ಬಾನೆಟ್ಟು ಒರೆಸಿ, ಫಾರ್ಮು ತುಂಬಿ, ಬೆಳಿಗ್ಗೆಯೇ ಶೆಡ್ಡಿಗೆ ಬಂದಳು. ಕಾಳವ್ವ ಸಜ್ಜಿ ರೊಟ್ಟಿ, ಕಾಳಿನ ಪಲ್ಯ ಹಾಕಿಕೊಟ್ಟಳು. ಕೂತು ಉಂಡಳು. ರೊಟ್ಟಿ ರುಚಿಯಾಗಿತ್ತು. ಹೊರಗೆ ಅಜ್ಜಾರು ಕಾರಿನ ಸುತ್ತ ಒಂದು ಸುತ್ತು ಹಾಕುತ್ತಿದ್ದದ್ದು ಕಿಟಕಿಯಿಂದ ಕಾಣುತ್ತಿತ್ತು.

ಹೊರಗೆ ಬಂದು ಫಾರ್ಮು ಕೊಟ್ಟಳು. ಈ ಸಲ ಅಜ್ಜಾರು ಮಡಚಲಿಲ್ಲ. ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ಪೆನ್ನು ಕೇಳಿ, ಕೆಳಗೆ ಮೌ. ಕಾ. ಬಡಿಗೇರ ಎಂದು ನಿಧಾನಕ್ಕೆ ಸಹಿ ಹಾಕಿದರು.

“ಒಯ್ಯಿ,” ಅಂದರು.

ನಾಲ್ಕು ವರ್ಷ ಕಾದ ಮಾತು. ಅವಳು ಬಗ್ಗಿ ಅವರ ಕಾಲು ಮುಟ್ಟಿದಳು. ಖುಷಿಯಾಗಬೇಕಿತ್ತು, ಆಗಲಿಲ್ಲ. ಯಾಕೆ ಅಂತ ಅವಳಿಗೆ ಗೊತ್ತಿತ್ತು, ಗೊತ್ತಿಲ್ಲದ ಹಾಗೆ ಎದ್ದು ನಿಂತಳು.

“ಇವತ್ತ ನಾ ಬರೂದಿಲ್ಲ,” ಅಜ್ಜಾರು ಅಂದರು. “ನನ್ನ ಬದಲಿ ಇಕಿ ಕುಂದರತಾಳ. ಕೂಡುರಸ್ತೆದಾಗ ಇಕಿ ತಂಗಿ ಮನಿ ಐತಿ. ರೊಟ್ಟಿ ಮುಟ್ಟಿಸಿ ಬರ್ರಿ.”

ಕಾಳವ್ವ ಇಳಕಲ್ಲ ಸೀರೆ ಉಟ್ಟು, ರೊಟ್ಟಿಯ ಗಂಟು ಹಿಡಿದು ತಯಾರಾಗಿಯೇ ನಿಂತಿದ್ದಳು. ಐವತ್ತು ವರ್ಷ ಓಟದ ಗಾಡಿಗಳ ನಡುವೆ ಸಂಸಾರ ಮಾಡಿದವಳು, ಒಂದು ದಿನವೂ ಒಂದರಲ್ಲೂ ಕೂತಿರಲಿಲ್ಲ. ಎರಡು ಸಲ ತಲೆ ಬಡಿಸಿಕೊಂಡು, ನಗುತ್ತ ಒಳಗೆ ಕೂತಳು. ನೀಲಾಂಬಿಕಾ ಬೆಲ್ಟು ಹಾಕಿದಳು.

“ಇದೇನ ಯವ್ವಾ, ಕೂಸಿನ ತೊಟ್ಟಿಲದಾಗ ಕಟ್ಟಿದಂಗ ಕಟ್ಟತಿ,” ಕಾಳವ್ವ ಅಂದಳು. ರೊಟ್ಟಿಯ ಗಂಟನ್ನು ತೊಡೆಯ ಮೇಲೆ ಇಟ್ಟುಕೊಂಡಳು. “ಸಾವಕಾಶ ಹೊಡಿತಿ ಹೌದಿಲ್ಲೋ?”

“ಹೂಂ ಆಯಿ.”

“ಏನೂ ಆಗಂಗಿಲ್ಲಲಾ?”

ಸಹಿ ಹಾಕಿದ ಫಾರ್ಮು ಸ್ಟೇರಿಂಗಿನ ಮುಂದೆಯೇ ಇತ್ತು. ನೀಲಾಂಬಿಕಾ ಕೀ ಹಾಕಿದಳು. ತಿರುಗಿಸಬೇಕು, ಅಷ್ಟೇ.

ಕೈ ತಿರುಗಲಿಲ್ಲ.

ಮೂರು ವಾರ ಇದೇ ಸೀಟಿನಲ್ಲಿ ಅಜ್ಜಾರು ಕೂತಿದ್ದರು. ಆಗ ಇಲ್ಲದ ಭಯ ಈಗ ಎಲ್ಲಿಂದ ಬಂತು? ಅಜ್ಜಾರಿಗೆ ಗಾಡಿ ಗೊತ್ತು, ಅಂಥದ್ದೇನಾದರೂ ಇದ್ದರೆ ಅವರೇ ಹೇಳುತ್ತಾರೆ ಅಂತ ಇಷ್ಟು ದಿನ ಭಾರವನ್ನೆಲ್ಲ ಅವರ ಮೇಲೆ ಹಾಕಿ ಕೂತಿದ್ದಳು. ಕಿವಿ ಕೇಳದವರ ಮೇಲೆ. ಕಾಳವ್ವನ ಮೇಲೆ ಹಾಕುವುದಕ್ಕೆ ಏನಿತ್ತು? ಅವಳು ಕೇಳಿದ್ದು ಒಂದೇ ಮಾತು, ಏನೂ ಆಗಂಗಿಲ್ಲಲಾ. ಅದಕ್ಕೆ ನೀಲಾಂಬಿಕಾ ಇನ್ನೂ ಉತ್ತರ ಕೊಟ್ಟಿರಲಿಲ್ಲ.

ನಾಚಿಕೆಯಿಂದ ಅವಳ ಮುಖ ಸುಟ್ಟಿತು. ಕೀ ತೆಗೆದು, ಬಾಗಿಲು ತೆರೆದು ಇಳಿದಳು.

ಹೊರಸಿನ ಮೇಲಿದ್ದ ಪಾಟಿ ತೆಗೆದುಕೊಂಡು ಬರೆಯತೊಡಗಿದಳು. ಸ್ಪ್ರಿಂಗಿನ ದಿನವೇ ಬಿಲ್ಲೆ ಹಾಕಿದ್ದು. ಎಡತಿರುವಿನ ಟಿಕ್. ಮೊದಲ ವಾರದ ಸುಳ್ಳು, ಎರಡನೆಯ ವಾರದ ಸುಳ್ಳು. ಸೈಲೆನ್ಸರು ಹಾಕಿದ್ದು ಎಂಜಿನ್ನಿನ ಉಸಿರಿಗಲ್ಲ ಅನ್ನುವುದು. ಒಂದು ಬದಿ ತುಂಬಿತು. ತಿರುಗಿಸಿ ಇನ್ನೊಂದು ಬದಿ ಬರೆದಳು. ಜಾಗ ಸಾಲದೆ ಕೊನೆಯ ಸಾಲುಗಳು ಇರುವೆಯ ಸಾಲಿನ ಹಾಗೆ ಸಣ್ಣಗಾದವು.

ಅಜ್ಜಾರು ಎರಡೂ ಬದಿ ಓದಿದರು. ತುಟಿ ಅಲ್ಲಾಡಿಸುತ್ತ, ಒಂದಕ್ಷರ ಬಿಡದೆ. ಸಿಟ್ಟು ಮಾಡಲಿಲ್ಲ.

“ಬಾ,” ಎಂದು ಕಾರಿನ ಹಿಂದಿನ ಬಲಗಾಲಿಯ ಹತ್ತಿರ ಕುಕ್ಕುರುಗಾಲಲ್ಲಿ ಕೂತರು. “ನಟ್ಟಿನ ಮ್ಯಾಲ ಏನೈತಿ ನೋಡು.”

ಅವಳು ಬಗ್ಗಿ ನೋಡಿದಳು. ನಾಲ್ಕು ನಟ್ಟು. ಒಂದೊಂದರ ಮೇಲೂ ಸೀಮೆಸುಣ್ಣದ ಸಣ್ಣ ಗೆರೆ. ನಟ್ಟಿನಿಂದ ಶುರುವಾಗಿ ಗಾಲಿಯ ಮೇಲೆ ಮುಗಿಯುವ ಗೆರೆ. ಇದನ್ನು ಅವಳು ಮೊದಲೂ ನೋಡಿದ್ದಳು, ಅಜ್ಜಾರ ಕೈಯ ಧೂಳು ಅಂದುಕೊಂಡಿದ್ದಳು.

ಮೂರು ನಟ್ಟಿನ ಮೇಲೆ ಗೆರೆ ಮುರಿದಿತ್ತು. ನಟ್ಟಿನ ಮೇಲಿನ ಅರ್ಧ ಒಂದು ಕಡೆ, ಗಾಲಿಯ ಮೇಲಿನ ಅರ್ಧ ಬೆರಳಿನಷ್ಟು ಆಚೆ. ನಟ್ಟು ಅಷ್ಟು ಸಡಿಲಿ ತಿರುಗಿತ್ತು.

“ನೀ ಬಂದ ಕೂಡ್ಲೆ ಒಮ್ಮೆ ನೋಡತೇನಿ. ಬಿಗಿ ಮಾಡಿ ಗೆರಿ ಕೂಡಸ್ತೇನಿ. ನೀ ಹೋಗೂ ಮುಂದ ಮತ್ತ ಒಮ್ಮೆ. ಮೊದಲನೇ ಐತವಾರದಿಂದ. ಇವತ್ತ ನೀ ನೋಡಲಿ ಅಂತ ಹಂಗ ಬಿಟ್ಟೇನಿ,” ಅಜ್ಜಾರು ಅಂದರು. “ಟಿಕ್ ಅನ್ನೂದು ನನ್ನ ಅಂಗಾಲಿಗೆ ಬಡೀತಿತ್ತು.”

ನೀಲಾಂಬಿಕಾ ಮುರಿದ ಗೆರೆಗಳ ಮೇಲೆ ಬೆರಳಾಡಿಸಿದಳು.

ಅಜ್ಜಾರು ನಾಲ್ಕನೆಯ ನಟ್ಟು ತೋರಿಸಿದರು. ಅದರ ಗೆರೆ ಮಾತ್ರ ನೆಟ್ಟಗೆ, ಎಳೆದ ಹಾಗೇ ಇತ್ತು. “ಇದೊಂದ ಛಲೋ ಐತಿ,” ಎಂದು ಎರಡು ಬೆರಳಿನಿಂದ ಹಿಡಿದರು.

ನಟ್ಟು ಬೆರಳಿನೊಂದಿಗೇ ಬಂತು. ಅದರೊಳಗೆ ಮುರಿದ ಬೋಲ್ಟಿನ ತುಂಡು ಸಿಕ್ಕಿಕೊಂಡಿತ್ತು.

ಅಜ್ಜಾರು ಅದನ್ನು ಅಂಗೈ ಮೇಲಿಟ್ಟುಕೊಂಡು ತಿರುವಿ ನೋಡಿದರು.

“ಇದು ನನಗ ಗೊತ್ತಿದ್ದಿಲ್ಲ,” ಅಂದರು. “ಗೆರಿ ನೆಟ್ಟಗ ಐತಿ ಅಂತ ಮುಟ್ಟಿ ನೋಡಿದ್ದಿಲ್ಲ. ನೀ ಹೇಳೂ ತನಕ ಕಾಯೂಣು ಅಂತ ಕುಂತೆ. ಹೋದ ವಾರನ ಗಾಲಿ ಬಿಚ್ಚಬೇಕಿತ್ತು. ನಂದೂ ತಪ್ಪೈತಿ.”

ಜಾಕು ಏರಿಸಿ ಗಾಲಿ ಬಿಚ್ಚಿದರು. ಉಳಿದ ಮೂರು ಬೋಲ್ಟುಗಳ ಸುರುಳಿ ಹಲ್ಲುಗಳು ತುದಿಯಲ್ಲಿ ಮೂರು ನಾಲ್ಕು ಸುತ್ತು ಮಾತ್ರ ಸವೆದು ಹೊಳೆಯುತ್ತಿದ್ದವು. ಬಿಲ್ಲೆ ಬೆರಳಿನಷ್ಟು ದಪ್ಪ, ಬೋಲ್ಟು ಮೊದಲಿನಷ್ಟೇ ಉದ್ದ. ನಟ್ಟಿಗೆ ಹಿಡಿಯಲು ಸಿಕ್ಕಿದ್ದು ಅಷ್ಟೇ. ಅಂಥ ಗಾಲಿಯ ಮೇಲೆ ಅವಳು ಮೂರು ವಾರ ಬೆಳಗಾವಿಯಿಂದ ಬಂದು ಹೋಗಿದ್ದಳು. ಇನ್ನು ಎರಡು ವಾರಕ್ಕೆ ಘಟ್ಟ ಹತ್ತುವವಳಿದ್ದಳು.

ಅಷ್ಟರಲ್ಲಿ ಕಾಳವ್ವ ಬೆಲ್ಟು ಬಿಚ್ಚಲು ಬಾರದೆ ಒಳಗಿನಿಂದ ಕೂಗುತ್ತಿದ್ದಳು. ನೀಲಾಂಬಿಕಾ ಓಡಿಹೋಗಿ ಬಿಚ್ಚಿದಳು. ಕಾಳವ್ವ ಇಳಿದು, ಮುರಿದ ಬೋಲ್ಟು ನೋಡಿ, ಗಂಡನ ಮುಂದೆ ಹೋಗಿ ನಿಂತಳು. ಐವತ್ತು ವರ್ಷದ ಸಂಸಾರ, ಅವಳಿಗೆ ಪಾಟಿ ಬೇಕಿರಲಿಲ್ಲ. ಗಾಲಿಯ ಕಡೆ ಬೆರಳು ಮಾಡಿದಳು, ತನ್ನ ಎದೆಯ ಕಡೆ ಮಾಡಿದಳು, ಹಣೆ ಚಚ್ಚಿಕೊಂಡಳು. ಇದರಾಗ ನನ್ನ ಕಳಸವಾ ಇದ್ದೇನು?

ಅಜ್ಜಾರು ಅಂಗಿಯ ಜೇಬಿಗೆ ಕೈ ಹಾಕಿ, ಹೆಬ್ಬೆರಳಿನಷ್ಟು ಉದ್ದದ ಕಪ್ಪು ತುಂಡು ತೆಗೆದು ತೋರಿಸಿದರು.

“ಇಕಿ ರೊಟ್ಟಿ ತಿನ್ನೂ ಮುಂದ ತಗದೀನಿ. ಗಾಡಿ ಚಾಲೂ ಆಗತಿದ್ದಿಲ್ಲ.”

ಕಾಳವ್ವ ಇಬ್ಬರನ್ನೂ ಒಂದೊಂದು ಸಲ ನೋಡಿದಳು. “ನಿಮಗೂ ಬ್ಯಾರೆ ಕೆಲಸಿಲ್ಲ, ನಿಮ್ಮ ಗಾಡಿಗೂ ಇಲ್ಲ,” ಅಂದಳು. “ನಾ ಬಸ್ಸಿಗೆ ಹೊಕ್ಕೇನಿ.” ರೊಟ್ಟಿಯ ಗಂಟು ಬಗಲಿಗೆ ಏರಿಸಿಕೊಂಡು, ಸೆರಗು ಸರಿಮಾಡಿಕೊಂಡು ರಸ್ತೆಯ ಕಡೆ ನಡೆದಳು.

ಅಜ್ಜಾರು ಕಾರಿನೊಳಗಿನಿಂದ ಫಾರ್ಮು ತೆಗೆದು ನೀಲಾಂಬಿಕಾ ಕೈಗೆ ಕೊಟ್ಟರು. ಅವಳು ಅದನ್ನು ಒಂದು ಸಲ ನೋಡಿದಳು, ಸಹಿಯನ್ನೂ ನೋಡಿದಳು. ಕಣ್ಣು ತುಂಬಿ ಬಂತು. ಆಮೇಲೆ ಆ ಕಾಗದದಿಂದಲೇ ಬೋಲ್ಟಿಗೆ ಹತ್ತಿದ ಜಿಡ್ಡನ್ನು ಒರೆಸತೊಡಗಿದಳು.

“ಘಟ್ಟ ಎಲ್ಲಿ ಓಡಿ ಹೋಗಂಗಿಲ್ಲ,” ಅಜ್ಜಾರು ಅಂದರು. “ಬಿಲ್ಲಿ ತಗಿ. ಹಳೇ ಸೈಲೆನ್ಸರ್ ಹಾಕು. ಒಂದ ವಾರಕ್ಕ ಒಂದ.”

ಅವಳು ತಲೆ ಅಲ್ಲಾಡಿಸಿದಳು.

ಇಬ್ಬರೂ ಸೇರಿ ಮುರಿದ ಬೋಲ್ಟಿನ ಬುಡ ತೆಗೆದರು. ಮಧ್ಯಾಹ್ನದವರೆಗೆ ಹಿಡಿಯಿತು. ಹೊಳೆಗೆ ಹೋಗಿ ಕೈ ತೊಳೆದುಕೊಂಡು ಬಂದು ಬೇವಿನ ನೆರಳಿಗೆ ಕೂತರು. ಪಾಟಿ ಇನ್ನೂ ಎರಡೂ ಬದಿ ತುಂಬಿಕೊಂಡೇ ಇತ್ತು. ಅಜ್ಜಾರು ಅದನ್ನು ತಾವು ಒರೆಸಲಿಲ್ಲ, ಒದ್ದೆ ಅರಿವೆಯನ್ನು ಅವಳ ಕೈಗೆ ಕೊಟ್ಟರು.

ನೀಲಾಂಬಿಕಾ ಎರಡೂ ಬದಿ ಒರೆಸಿದಳು. ಆರುವವರೆಗೆ ಕಾದಳು. ಒಂದು ಮಾತು ಬೆಳಿಗ್ಗೆಯಿಂದ ಅವಳನ್ನು ಕೊರೆಯುತ್ತಿತ್ತು. ಉತ್ತರ ಏನು ಬಂದರೂ ಕೇಳಿಯೇ ಬಿಡಬೇಕು ಎಂದು ಬರೆದು ಅವರ ಮುಂದೆ ಹಿಡಿದಳು.

“ನಾನು ಕೀ ತಿರುಗಿಸಿದ್ದರೆ ಏನು ಮಾಡುತ್ತಿದ್ದಿರಿ?”

ಅಜ್ಜಾರು ಓದಿದರು. ಜೇಬಿನಿಂದ ರೋಟರ್ ತೆಗೆದು ಅವಳ ಅಂಗೈಯಲ್ಲಿಟ್ಟು, ಬೆರಳು ಮಡಚಿದರು.

“ಬಾನೆಟ್ ಎತ್ತತಿದ್ನಿ. ಒಂದಿಷ್ಟ ಹೊತ್ತ ನೋಡಿದಂಗ ಮಾಡತಿದ್ನಿ. ಆಮ್ಯಾಲ, ಇದು ನನ್ನ ಕೈಲೆ ರಿಪೇರಿ ಆಗಂಗಿಲ್ಲ ಯವ್ವಾ, ಬ್ಯಾರೆ ಯಾರ ಕಡೆನರ ಒಯ್ಯಿ, ಅಂತಿದ್ನಿ.”